ಮೂರನೇ ಒಲೆ ಆರಿಸುವ ಮಾತು

ಕಣ್ಣಿನ ಆಸ್ಪತ್ರೆಯಲ್ಲಿ ಅಮ್ಮನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದವರಿಗೆ ಅವರ ಭಾಮೈದ ಬುದ್ಧಿ ಹೇಳುತ್ತಿದ್ದ.

“ಭಾವ, ಜನ ತಾವು ಬರೆದ ಕಂಪ್ಯೂಟರ್ ಪ್ರೋಗ್ರಾಮ್ ಇಟ್ಕೊಳ್ಳೋಕೆ ನಿಮ್ಮ ಸರ್ವರ್‌ನಲ್ಲಿ ಪುಕ್ಕಟೆ ಜಾಗ ಕೊಟ್ಟಿದ್ದೀರಿ, ಸರಿ. ಯಾರು ಏನು ತಿದ್ದಿದ್ರು ಅಂತ ಲೆಕ್ಕ ಇಡೋಕೆ ಗಿಟ್ ಒಂದೇ ಸಾಲದಾ? ಅದೇ ಕೆಲಸಕ್ಕೆ ಮರ್ಕ್ಯುರಿಯಲ್, ಸಬ್‌ವರ್ಶನ್ ಅಂತ ಒಂದೇ ಅಡುಗೆಮನೇಲಿ ಮೂರು ಒಲೆ ಯಾಕೆ?”

“ಮೂರನೇ ಒಲೆ ಮೇಲೂ ಯಾರದೋ ಪಾತ್ರೆ ಇದೆಯಲ್ಲಪ್ಪ.”

“ಡಾಕ್ಟ್ರು ಕಂಪ್ಯೂಟರ್ ಕಡಿಮೆ ಮಾಡಿ ಅಂದಿದ್ದಾರೆ, ಅಕ್ಕನೂ ದಿನಾ ಬೈತಾಳೆ. ಎಲ್ಲಾ ಗಿಟ್‌ಗೆ ಸಾಗಿಸಿ, ಸಬ್‌ವರ್ಶನ್ ಮುಚ್ಚಿ.”

“ಸಾಗಿಸಿ ನೋಡ್ದೆ. ಸಬ್‌ವರ್ಶನ್‌ನಲ್ಲಿ ಇಪ್ಪತ್ತು ಜನ ಸೇರಿ ಬರೆದ ನಿಘಂಟಿನ ಪ್ರೋಗ್ರಾಮ್ ಇದೆ. ಯಾವ ಸಾಲು ಯಾರು ತಿದ್ದಿದ್ರು ಅಂತ ಹೆಸರಿತ್ತು. ಸಾಗಿಸುವಾಗ ಆ ಹೆಸರು ಹೊಂದಿಸೋದು ಮರೆತೆ. ಎಲ್ಲಾ ನನ್ನ ಹೆಸರಿಗೆ ಬಂದ್ಬಿಡ್ತು.”

“ಕೂತಲ್ಲೇ ಕೀರ್ತಿ!”

“ನಗಬೇಡ. ಅವರಲ್ಲಿ ಇಬ್ಬರು ತೀರ್ಕೊಂಡಿದ್ದಾರೆ. ‘ಇದು ನಂದು’ ಅಂತ ಕೇಳೋಕೂ ಬರಲ್ಲ.”

“ಹೆಸರು ಸರಿ ಮಾಡಿ ಮತ್ತೆ.”

“ಹಳೇದ್ರಲ್ಲಿ ಇರೋದು ಬರೀ ಅಡ್ಡಹೆಸರು. ಗಿಟ್‌ಗೆ ಪೂರ್ತಿ ಹೆಸರು, ಇಮೇಲ್ ಬೇಕು. ಯಾರ್ಯಾರು ಅಂತ ಹುಡುಕೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅಲ್ಲೀತನಕ ಹಳೇದು ನಡೀಬೇಕು. ಮುಚ್ಚಿದ್ರೆ ನಂಗೆ ನಿದ್ದೆ ಬರಲ್ಲ.”

“ನಡೆಸಿದ್ರೆ?”

“ಆಗ್ಲೂ ಬರಲ್ಲ, ಬಿಡು.”

ನರ್ಸ್ ಕರೆದಾಗ ಭಾಮೈದ ಅವರ ತೋಳು ಹಿಡಿದು ಎಬ್ಬಿಸಿದ.

“ಪಾಸ್‌ವರ್ಡ್ ನಂಗೂ ಕೊಡಿ ಭಾವ. ಹೆಸರು ನಾನು ಹುಡುಕ್ತೀನಿ.”

ಮಂಜಾದ ಕಣ್ಣಿನಲ್ಲಿ ಬಾಗಿಲು ತಡಕುತ್ತಾ ಅವರೆಂದರು:

“ನಿಮ್ಮಕ್ಕನಿಗೆ ಹೇಳ್ಬೇಡ. ಇಬ್ಬರನ್ನೂ ಮನೆಯಿಂದ ಆಚೆ ಹಾಕ್ತಾಳೆ.”