ಅಳತೆಗೆ ಕೊಟ್ಟ ಹಳೆಯ ಕೋಟು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರಾದ ನಮ್ಮ ಆಸ್ಪತ್ರೆಯ ಹಿರಿಯ ವೈದ್ಯರೇ, ಅತಿಥಿಗಳಾಗಿ ಬಂದಿರುವ ಮುಖ್ಯ ನರ್ಸ್ ಅವರೇ, ರಕ್ತಪರೀಕ್ಷೆಯ ಕೋಣೆಯ ನನ್ನ ಸಹೋದ್ಯೋಗಿಗಳೇ, ಹಾಗೂ ಪಕ್ಕದ ಕೋಣೆಯಿಂದ ಊಟದ ವಾಸನೆ ಬರುತ್ತಿದ್ದರೂ ಕುರ್ಚಿ ಬಿಟ್ಟು ಏಳದ ಸಹನಶೀಲ ಸಭಿಕರೇ,

ಮೂವತ್ತೆರಡು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತವಳಿಗೆ ತಲೆಯೆತ್ತಿ ಮಾತಾಡು ಎಂದರೆ ಕಷ್ಟ. ಆದರೂ ಎರಡು ಪುಟ ಬರೆದುಕೊಂಡು ಬಂದಿದ್ದೇನೆ. ಅಧ್ಯಕ್ಷರು ಈಗ ತಾನೇ ನನ್ನ ಮೂರು ಗುಣ ಹೇಳಿದರು, ಒಂದು ದೋಷವನ್ನೂ ಹೇಳಿದರು. ಗುಣಗಳಿಗೆ ನೀವು ಚಪ್ಪಾಳೆ ತಟ್ಟಿದಿರಿ, ದೋಷಕ್ಕೆ ಬಿದ್ದು ಬಿದ್ದು ನಕ್ಕಿರಿ. ಏನದು? "ಎಲ್ಲರಿಗೂ ಶಿಸ್ತು ಕಲಿಸಿದ ಈ ಮೇಡಂ ತಮ್ಮ ಕೋಟಿನ ಮೇಲಿನ ಗುಂಡಿಯನ್ನು ಮಾತ್ರ ಒಂದು ದಿನವೂ ಹಾಕಲಿಲ್ಲ." ನಿಜ. ಹಾಕಲಿಲ್ಲ ಅಲ್ಲ ಸ್ವಾಮಿ, ಹಾಕಲು ಆಗುತ್ತಿರಲಿಲ್ಲ. ಉಳಿದ ಗುಂಡಿಗಳೇ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದವು.

ಆ ಕೋಟುಗಳನ್ನು ಹೊಲಿದವನು ನನ್ನ ತಮ್ಮ. ನಾಲ್ಕನೆಯ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದಾನೆ. ಮುಂದೆ ಹೇಳುವುದನ್ನು ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. "ಹೇಳಕ್ಕ, ನಂಗೇನೂ ಬೇಜಾರಿಲ್ಲ. ಆದ್ರೆ ಗುಂಡಿ ವಿಷ್ಯ ಮೊದ್ಲು ಸರಿ ಮಾಡು. ಇವ್ನಿಗೆ ಹೊಲಿಯೋಕೇ ಬರಲ್ಲ ಅಂದ್ಕೊಂಡಿದಾರೆ ಜನ" ಎಂದ. ಅವನ ಚಿಂತೆ ಅವನಿಗೆ.

ಇಪ್ಪತ್ತು ವರ್ಷಗಳ ಹಿಂದೆ ಅವನಿಗೆ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಹೇಗೆ ಬಂತು ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಆಗ ಅವನೂ ಅಮ್ಮನೂ ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಅಕ್ಕಪಕ್ಕ ಹಾಕಿಕೊಂಡು ದುಡಿಯುತ್ತಿದ್ದರು. ಇವನ ಕತ್ತರಿ ಅವಳು ಎತ್ತಿಕೊಳ್ಳುವುದು, ಅವಳ ದಾರದುಂಡೆ ಇವನು ಕದಿಯುವುದು, ಜಗಳ, ನಗು.

"ಒಳಗೆ ಹೇಗೆ ಹರಡತ್ತೆ ಅದು?" ಎಂದು ಅಮ್ಮ ಕೇಳಿದಳು. ನಾನು ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಎರಡು ದುಂಡು ಬರೆದೆ. ತರಬೇತಿಗೆ ಬಂದವರಿಗೆಲ್ಲ ಆ ಚಿತ್ರ ಗೊತ್ತು. ಹೊಸದಾಗಿ ಬಂದವರಿಗಾಗಿ ಕೊನೆಯದೊಂದು ಸಲ ಹೇಳಿಬಿಡುತ್ತೇನೆ, ಇನ್ನು ಯಾರು ಕೇಳುತ್ತಾರೆ ನನ್ನ ಪಾಠ?

ಈ ವೈರಸ್ಸು ನಮ್ಮನ್ನು ಕಾಯುವ ಬಿಳಿಯ ರಕ್ತಕಣದೊಳಗೇ ಹೊಕ್ಕು, ಅಲ್ಲಿಯೇ ತನ್ನ ಮರಿಗಳನ್ನು ಮಾಡಿಸಿಕೊಳ್ಳುತ್ತದೆ. ಆ ಮರಿಗಳಲ್ಲಿ ಕೆಲವು ರಕ್ತದಲ್ಲಿ ತೇಲುತ್ತಾ ಹೋಗಿ ಇನ್ನೊಂದು ಕಣವನ್ನು ಹುಡುಕುತ್ತವೆ. ಅದು ಅಂಚೆಗೆ ಹಾಕಿದ ಕಾಗದ, ದಾರಿಯಲ್ಲಿ ಕಳೆದುಹೋಗಲೂಬಹುದು. ಇನ್ನೊಂದು ದಾರಿ ಹೆಚ್ಚು ಚುರುಕಿನದು. ಕತ್ತಿನಲ್ಲಿ, ಕಂಕುಳಲ್ಲಿ ಇರುವ ಸಣ್ಣ ಗ್ರಂಥಿಗಳೊಳಗೆ ಕಣಗಳು ಕಿಕ್ಕಿರಿದಿರುತ್ತವೆ. ಸೋಂಕಿದ ಕಣ ಪಕ್ಕದ ಕಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಂಟಿದ ಜಾಗದಲ್ಲೇ ವೈರಸ್ಸನ್ನು ನೇರವಾಗಿ ದಾಟಿಸಿಬಿಡುತ್ತದೆ. ಕೈಗೇ ಕೊಟ್ಟ ಕಾಗದ ಕಳೆದುಹೋಗುತ್ತದೆಯೇ? ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ಮಾತ್ರೆಗಳು ಮರಿ ಹುಟ್ಟುವುದನ್ನೇ ತಡೆಯುತ್ತವೆ. ದಾಟಿಸಲು ಏನೂ ಉಳಿಯದಂತೆ ಮಾಡುತ್ತವೆ. ಅಲ್ಲಲ್ಲಿ ಕೆಲವು ಕಣಗಳೊಳಗೆ ಅದು ಸದ್ದಿಲ್ಲದೆ ಮಲಗಿರುವುದರಿಂದ ಮಾತ್ರೆ ಒಂದು ದಿನವೂ ತಪ್ಪಬಾರದು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಒಂದಕ್ಕೊಂದು ಅಂಟಿದ ಎರಡು ದುಂಡುಗಳನ್ನು ಬಹಳ ಹೊತ್ತು ನೋಡಿದಳು. ಮಾರನೆಯ ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅವಳ ಯಂತ್ರ ಹಿಂದಿನ ಕೋಣೆ ಸೇರಿತ್ತು. ಕೇಳಿದರೆ, "ಪಕ್ಕದಲ್ಲಿದ್ದು ಅಂಟಿಕೊಂಡ್ರೆ ದಾಟತ್ತೆ ಅಂತ ನೀನೇ ಚಿತ್ರ ಬರೆದು ತೋರಿಸಿದ್ಯಲ್ಲೇ" ಎಂದಳು.

ಸಭಿಕರೇ, ದೇಹದೊಳಗೆ ಕಣಕ್ಕೆ ಕಣ ಅಂಟುವುದು ಬೇರೆ, ಮನುಷ್ಯನನ್ನು ಮನುಷ್ಯ ಮುಟ್ಟುವುದು ಬೇರೆ. ಮುಟ್ಟಿದರೆ, ತಬ್ಬಿದರೆ, ಒಂದೇ ಲೋಟದಲ್ಲಿ ಕುಡಿದರೆ ಇದು ಬರುವುದಿಲ್ಲ. ಈ ಆಸ್ಪತ್ರೆಯಲ್ಲಿ ಈ ಮಾತನ್ನು ನನ್ನಷ್ಟು ಸಲ ಹೇಳಿದವರು ಯಾರಿದ್ದಾರೆ? ಆದರೆ ಅಮ್ಮನಿಗೆ ಎಷ್ಟು ಸಲ ಹೇಳಿದೆ? ಒಂದೇ ಸಲ. ಅದೂ ತಗ್ಗಿದ ದನಿಯಲ್ಲಿ, ಬೆನ್ನು ಹಾಕಿಕೊಂಡು.

ಏಕೆ? ಇದು ನಾನು ಬರೆದುಕೊಂಡು ಬಂದ ಎರಡು ಪುಟಗಳಲ್ಲಿ ಇಲ್ಲ.

ಅದೇ ತಿಂಗಳು ನನಗೆ ಹೊಸ ಕೋಟು ಬೇಕಾಗಿತ್ತು. ತಮ್ಮ ಕತ್ತಿನಿಂದ ಟೇಪು ತೆಗೆದು, "ಬಾ ಅಕ್ಕ, ಅಳತೆ ತಗೋತೀನಿ" ಎಂದು ಎರಡು ಹೆಜ್ಜೆ ಮುಂದೆ ಬಂದ. ನಾನು ಎರಡು ಹೆಜ್ಜೆ ಹಿಂದೆ ಹೋದೆ. "ಬೇಡ ಬಿಡೋ, ಹಳೇ ಕೋಟಿದೆಯಲ್ಲ, ಅದರ ಅಳತೆಗೇ ಹೊಲಿ" ಎಂದು ಕೋಟನ್ನು ಮೇಜಿನ ಮೇಲಿಟ್ಟೆ. ಕೈಗೆ ಕೊಡಲಿಲ್ಲ. ಅವನು ನನ್ನ ಮುಖ ನೋಡಿದ, ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ, "ಆಯ್ತಕ್ಕ" ಎಂದ. ಅಷ್ಟೇ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ತಿಳಿವಳಿಕೆ ತಲೆಯಲ್ಲಿತ್ತು, ಹೆದರಿಕೆ ಕಾಲಿನಲ್ಲಿತ್ತು. ಹಗಲೆಲ್ಲ ಬೇರೆಯವರ ಅಣ್ಣತಮ್ಮಂದಿರ ಕೈ ಹಿಡಿದು ಧೈರ್ಯ ಹೇಳಿ, ಸಂಜೆ ಮನೆಗೆ ಹೋಗಿ ನನ್ನ ತಮ್ಮನಿಂದ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದೆ. ನಾಚಿಕೆಯಾಗುತ್ತದೆ ಹೇಳಲು.

ಓದು ಬಾರದ ಅಮ್ಮನೇ ನನಗಿಂತ ಮೇಲು. ಎರಡು ವರ್ಷವಾದ ಮೇಲೆ ಒಂದು ದಿನ ಅವನ ಜೊತೆ ಇಲ್ಲಿಗೇ ಬಂದು, ಇದೇ ಅಧ್ಯಕ್ಷರನ್ನು ಕೇಳಿದಳಂತೆ: "ಡಾಕ್ಟ್ರೇ, ನನ್ ಮಗನ್ನ ನಾನು ಮುಟ್ಟಬಹುದಾ?" ಇವರು, "ಧಾರಾಳವಾಗಿ ಮುಟ್ಟಿ, ಬೇಕಿದ್ರೆ ಎರಡು ಬಾರಿಸಿ" ಎಂದರಂತೆ. ಅಂದು ಸಂಜೆಯೇ ಯಂತ್ರ ಮುಂದಿನ ಕೋಣೆಗೆ ಬಂತು, ಕತ್ತರಿಯ ಜಗಳವೂ ಮರಳಿ ಬಂತು. ಅವಳು ಕೇಳಿ ತಿಳಿದುಕೊಂಡಳು. ಗೊತ್ತಿದ್ದ ನಾನು ಯಾರನ್ನು ಕೇಳಲಿ? ವರ್ಷ ವರ್ಷವೂ ಹಳೆಯ ಕೋಟನ್ನೇ ಅಳತೆಗೆ ಕೊಟ್ಟೆ. ಮೈ ಬೆಳೆಯಿತು, ಅಳತೆ ಬೆಳೆಯಲಿಲ್ಲ. ಆಮೇಲಾಮೇಲೆ ಹೆದರಿಕೆ ಹೋಗಿತ್ತು. ಆದರೆ ಈಗ ಅಳತೆ ತಗೋ ಎಂದರೆ ಅಂದು ಏಕೆ ಬೇಡವೆಂದೆ ಎಂದು ಹೇಳಬೇಕಾಗುತ್ತಿತ್ತಲ್ಲ!

ತಮ್ಮ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಎಷ್ಟೋ ವರ್ಷಗಳಿಂದ ಅವನ ರಕ್ತದಲ್ಲಿ ವೈರಸ್ಸು ನಮ್ಮ ಯಂತ್ರದ ಎಣಿಕೆಗೇ ಸಿಗುತ್ತಿಲ್ಲ. ನೋಡಿ, ನನಗಿಂತ ಚೆನ್ನಾಗಿದ್ದಾನೆ.

ಹೋದ ವಾರ ಈ ಸಮಾರಂಭದ ಕರೆಯೋಲೆ ಬಂದಾಗ ಧೈರ್ಯ ಮಾಡಿ ಅವನ ಮುಂದೆ ಹೋಗಿ ನಿಂತೆ. ಎರಡೂ ತೋಳು ಅಗಲಿಸಿ, "ಅಳತೆ ತಗೊಳ್ಳೋ" ಎಂದೆ. ಅವನು ಟೇಪು ಬಳಸಿ ಸುತ್ತಿ, ಭುಜ ತಟ್ಟಿ ನೇರ ನಿಲ್ಲಿಸಿ, "ಮೂರು ಇಂಚು ಜಾಸ್ತಿ ಕಣಕ್ಕ. ಇಷ್ಟು ವರ್ಷ ಉಸಿರು ಹೇಗಾಡ್ತಿದ್ದೆ?" ಎಂದ. ಅಮ್ಮ ನಕ್ಕಳು. ನಾನು ಅತ್ತೆ.

"ಹೊಸ ಬಟ್ಟೆ ತರಲೇನೋ?" ಎಂದು ಕೇಳಿದೆ. "ಬೇಡ, ಇರೋ ಕೋಟೇ ಬಿಚ್ಕೊಡು" ಎಂದ. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಒಳಭಾಗ ತೋರಿಸಿದ. ಅಲ್ಲಿ ಪಕ್ಕಕ್ಕೆ ಎರಡೆರಡು ಇಂಚು ಬಟ್ಟೆ ಮಡಚಿ ಬಿಟ್ಟಿದ್ದ. "ಎಲ್ಲಾ ಕೋಟಲ್ಲೂ ಬಿಟ್ಟೇ ಹೊಲಿದಿದೀನಿ. ಯಾವತ್ತಾದ್ರೂ ಒಂದಿನ ಕೇಳ್ತೀಯ ಅಂತ ಗೊತ್ತಿತ್ತು."

ಸಭಿಕರೇ, ನಾನೀಗ ತೊಟ್ಟಿರುವುದು ಆ ಕೋಟನ್ನೇ. ಅಧ್ಯಕ್ಷರು ದಯವಿಟ್ಟು ಈ ಕಡೆ ತಿರುಗಿ ನೋಡಬೇಕು, ಮೇಲಿನ ಗುಂಡಿ ಹಾಕಿದೆ. ಉಸಿರೂ ಸರಾಗವಾಗಿ ಆಡುತ್ತಿದೆ.

ಇಷ್ಟು ವರ್ಷ ನನ್ನನ್ನು ಸಹಿಸಿಕೊಂಡ ನಿಮಗೂ, ಕಾದ ನನ್ನ ತಮ್ಮನಿಗೂ ಋಣಿ. ಊಟ ಆರುವ ಮುಂಚೆ ಏಳಿ. ಎಲ್ಲರಿಗೂ ನಮಸ್ಕಾರ.