ಈಜುಕೊಳದ ಮಾವ

ಈಜುಕೊಳದ ಟಿಕೆಟ್ ಸಾಲಿನಲ್ಲಿ ಟೈಲರಮ್ಮನ ಮುಂದೆ ಟವೆಲ್ ಹಿಡಿದ ಹುಡುಗನೊಬ್ಬ, ಪಕ್ಕದಲ್ಲಿ ಬರಿಗೈಯ ಗಂಡಸೊಬ್ಬ ನಿಂತಿದ್ದರು. ದೊಡ್ಡವರಿಲ್ಲದೆ ಮಕ್ಕಳನ್ನು ಬಿಡುವುದಿಲ್ಲವೆಂದು ಬೋರ್ಡು ಹೇಳುತ್ತಿತ್ತು.

"ಕೇಳಿದ್ರೆ ನಾನು ಯಾರು?"

"ಮಾವ. ಅಮ್ಮನ ತಮ್ಮ."

"ಹಾಂ, ಹಾಗೇ ಹೇಳು."

"ನೀವು ಸಿಗದಿದ್ರೆ ವಾಪಸ್ ಹೋಗ್ಬೇಕಿತ್ತು ಅಂಕಲ್."

"ಅಂಕಲ್ ಅನ್ಬೇಡ. ಮನೇಲಿ ಗೊತ್ತಾ, ಇಲ್ಲಿಗೆ ಬಂದಿರೋದು?"

"ಇಲ್ಲ. ಟ್ಯೂಷನ್ ಅಂದಿದೀನಿ."

"ಒಳ್ಳೇದಾಯ್ತು. ಫೋನು ನನ್ ಹತ್ರ ಇರ್ಲಿ, ನೀರಿಗೆ ಬಿದ್ದೀತು."

ಹುಡುಗ ಕೊಟ್ಟುಬಿಟ್ಟ. ಹಿಂದೆ ನಿಂತು ಕೇಳುತ್ತಿದ್ದ ಟೈಲರಮ್ಮ ಒಂದು ಹೆಜ್ಜೆ ಮುಂದೆ ಸರಿದಳು.

ಟಿಕೆಟ್ ಕೊಡುವವನು ತಲೆಯೆತ್ತಿದ. "ಇವನ್ಯಾರು?"

"ಅಕ್ಕನ ಮಗ."

"ನಿನ್ನೆ ಕರ್ಕೊಂಡ್ ಬಂದಿದ್ರಲ್ಲ, ಅವನು?"

"ಅವನು ಇನ್ನೊಬ್ಬ ಅಕ್ಕನ ಮಗ."

"ಪುಣ್ಯವಂತ ಮಕ್ಕಳು ಬಿಡಿ, ಇಂಥ ಮಾವ ಸಿಗ್ಬೇಕಲ್ಲ."

ಹುಡುಗನ ಕಾಲು ಅಲ್ಲೇ ನಿಂತಿತು. ಟೈಲರಮ್ಮ ಬಾಯಿ ತೆರೆಯುವಷ್ಟರಲ್ಲಿ ಮಾವನ ಕೈ ಅವನ ಕತ್ತಿನ ಮೇಲಿತ್ತು.

"ನಡಿ ಅಳಿಯಾ."

ಇಬ್ಬರೂ ಒಳಗೆ ಹೋದರು.