ನಲವತ್ತೆರಡು ಸಲ ‘ವೀಕ್ಷಿಸುತ್ತಾರೆ’

ಸಭೆಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಮುಂದಿನ ಮೂರು ಸಾಲು ಖಾಲಿ ಬಿಟ್ಟು ಬಾಗಿಲ ಬಳಿ ಗುಂಪುಗೂಡಿರುವ ಸಭಿಕರೇ! ಮೈಕು ಕೈಕೊಟ್ಟರೆ ಗಾಬರಿಯಾಗಬೇಡಿ. ನನ್ನ ದನಿ ಬೀದಿಗೂ ಕೇಳುತ್ತದೆ.

ಒಂದಷ್ಟು ಮಂದಿ ಎದುರಿಗೆ ಕೂತು, ಉಳಿದವರು ಮನೆಯಿಂದ ಪರದೆಯಲ್ಲಿ ಕಲಿಯುವಂತೆ ನನ್ನ ಭೂವಿಜ್ಞಾನದ ಕೋರ್ಸನ್ನು ಮರುರೂಪಿಸಿದೆನೆಂದು ಈ ಫಲಕ ಕೊಟ್ಟಿದ್ದೀರಿ. ಹೇಗೆ ಮರುರೂಪಿಸಿದೆ, ಕೇಳಿ. ಪಠ್ಯಕ್ರಮ ಸಮಿತಿ ಒಂದು ನಮೂನೆ ಕಳಿಸಿತು. ನಲವತ್ತೆರಡು ಪಾಠ, ನಲವತ್ತೆರಡು ಸಾಲು, ಸಾಲಿಗೆ ಎರಡು ಖಾನೆ. ತರಗತಿಯಲ್ಲಿರುವವರು ಏನು ಮಾಡುತ್ತಾರೆ? ಕಲ್ಲನ್ನು ಮುಟ್ಟುತ್ತಾರೆ, ಗೀರುತ್ತಾರೆ, ಅಂಗೈಯಲ್ಲಿ ತೂಗುತ್ತಾರೆ. ಮನೆಯಲ್ಲಿರುವವರು? ‘ವೀಕ್ಷಿಸುತ್ತಾರೆ’ ಎಂದು ಬರೆದೆ. ಒಮ್ಮೆ ಬರೆದೆ, ಕೆಳಗೆ ನಲವತ್ತೊಂದು ಸಲ ಅಂಟಿಸಿದೆ. ಸಮಿತಿ ಏನೆಂದಿತು? ಒಂದು ಖಾನೆಯೂ ಖಾಲಿಯಿಲ್ಲ, ಎಲ್ಲ ವಿಭಾಗಗಳಿಗೂ ಇದೇ ಮಾದರಿ ಎಂದಿತು! ಅದನ್ನು ಓದಿದವರು ಯಾರಾದರೂ ಇದ್ದರೆ ಕೈಯೆತ್ತಿ. ಬೇಡ ಅಧ್ಯಕ್ಷರೇ, ನೀವು ಎತ್ತಬೇಡಿ.

ನಮ್ಮಪ್ಪ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದರು. ಆರು ವರ್ಷದ ನನ್ನನ್ನು ರಂಗದ ಮೇಲೆ ನಿಲ್ಲಿಸಿ, ತಾವು ಕಡೆಯ ಬೆಂಚಿಗೆ ಹೋಗಿ ಕೂತು, “ಮಾತು ಇಲ್ಲಿಗೆ ಬರ್ಲಿಲ್ಲ ಕಣೋ, ಇನ್ನೊಂದ್ಸಲ” ಎನ್ನುತ್ತಿದ್ದರು. ಬರುವತನಕ ಬಿಡುತ್ತಿರಲಿಲ್ಲ. ಅಂಥವರ ಮಗ ನಾನು ಕ್ಯಾಮೆರಾಕ್ಕೆ ಬೆನ್ನು ಹಾಕಿ ಹದಿನಾಲ್ಕು ವಾರ ಆರ್ಭಟಿಸಿದೆ!

ಮೊನ್ನೆ ಪ್ರಾಯೋಗಿಕ ಪರೀಕ್ಷೆಗೆ ಒಬ್ಬ ಹೆಣ್ಣುಮಗಳು ಬಂದಳು. ಹೊಲಿಗೆ ಅಂಗಡಿಯಲ್ಲಿ ಕೆಲಸ. ಮಷಿನ್ ಪಕ್ಕ ಫೋನಿಟ್ಟುಕೊಂಡು ಒಂದು ಪಾಠವನ್ನೂ ತಪ್ಪಿಸದವಳು. ಐದು ಕಲ್ಲು ಮುಂದಿಟ್ಟೆ. ಒಂದನ್ನೂ ಗುರುತಿಸಲಿಲ್ಲ. ಪಾಠ ಕೇಳಿದೆಯೋ ಇಲ್ಲವೋ ಎಂದು ಗದರಿದೆ.

“ಕೇಳ್ದೆ ಸರ್. ಇಷ್ಟು ಭಾರ ಇರುತ್ತೆ ಅಂತ ಗೊತ್ತಿರ್ಲಿಲ್ಲ.”

ಅವಳನ್ನು ಫೇಲು ಮಾಡಿದ ಮೇಲೆ, ಪರದೆಯ ಮೂಲೆಯಲ್ಲಿ ವಿದ್ಯಾರ್ಥಿಗಳು ಸಂದೇಶ ಬರೆಯುವ ಜಾಗವಿದೆಯಲ್ಲ, ಅದನ್ನು ಮೊದಲ ಸಲ ತೆರೆದೆ. ವಾರ ವಾರವೂ ಅವಳದೇ ಒಂದು ಸಾಲು: ‘ಸರ್, ಕಲ್ಲು ಕಾಣಿಸ್ತಿಲ್ಲ.’ ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ. “ನಾನು ಕಳಿಸಿದ್ದನ್ನಾದ್ರೂ ಯಾವತ್ತು ಓದಿದ್ದೀರಿ?” ಎಂದಳು. ಇರಲಿ, ಅದು ಈ ಸಭೆಯ ವಿಷಯವಲ್ಲ.

ಈ ಫಲಕವನ್ನು ಇಲ್ಲೇ ಮೇಜಿನ ಮೇಲೆ ಬಿಡುತ್ತೇನೆ. ಆ ನಮೂನೆಯನ್ನು ದಯವಿಟ್ಟು ಯಾರಿಗೂ ಹಂಚಬೇಡಿ. ಅದರ ಎರಡನೆಯ ಖಾನೆಯನ್ನು ನಾನು ಮೊದಲಿನಿಂದ ಬರೆಯಬೇಕು, ಸಾಲು ಸಾಲಾಗಿ. ಸೋಮವಾರ ಅವಳ ಮರುಪರೀಕ್ಷೆ. ಸಹಿಸಿಕೊಂಡು ಕೇಳಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ. ನಾಳೆ ಬೆಳಿಗ್ಗೆ ಹೊಲಿಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಕಲ್ಲಿನ ಪೆಟ್ಟಿಗೆ ಹೊತ್ತು ಅಲ್ಲಿ ನಿಂತಿರುತ್ತೇನೆ. ಅವಳು ಒಂದೊಂದನ್ನೂ ಎತ್ತಿ ನೋಡುವತನಕ ಬಾಯಿ ತೆರೆಯುವುದಿಲ್ಲ.